‘ಸಾಧ್ಯತೆ ಇದೆ’ ಎಂದರೆ ಎಷ್ಟು? ರಾಜಕಾರಣಿಗಳ ಮಾತಿನಲ್ಲಿ ಅನುಮಾನ ಮತ್ತು ಖಚಿತತೆ

‘ಬರುವ ತಿಂಗಳುಗಳಲ್ಲಿ ಬೆಲೆ ಇಳಿಯುವ ಸಾಧ್ಯತೆ ಇದೆ’ ಎಂದು ಒಬ್ಬ ಹಣಕಾಸು ಸಚಿವರು ಹೇಳಿದರೆನ್ನೋಣ. ಬೆಲೆ ಇಳಿದರೆ ಅವರ ಮಾತು ನಿಜವಾಯಿತು. ಇಳಿಯದೆ ಹೋದರೂ ಅದು ಸುಳ್ಳಾಗುವುದಿಲ್ಲ, ಏಕೆಂದರೆ ಸಾಧ್ಯತೆ ಇದೆ ಎಂದಷ್ಟೇ ಅವರು ಹೇಳಿದ್ದರು. ಇಳಿದೇ ಇಳಿಯುತ್ತದೆ ಎಂದಿರಲಿಲ್ಲ. ಬೆಲೆ ಗಗನಕ್ಕೇರಿದರೂ ಅದೇ ಸಮಜಾಯಿಷಿ ಸಾಕಾಗುತ್ತದೆ. ಏನು ನಡೆದರೂ ತಪ್ಪೆಂದು ತೋರಿಸಲಾಗದ ಇಂಥ ವಾಕ್ಯ ನಾಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೂ ಅದನ್ನು ಕೇಳಿದವರಲ್ಲಿ ಅನೇಕರು ‘ಬೆಲೆ ಇಳಿಯುತ್ತದಂತೆ’ ಎಂದುಕೊಂಡೇ ಮನೆಗೆ ಹೋಗುತ್ತಾರೆ. ಹೇಳಿದ್ದಕ್ಕೂ ಕೇಳಿಸಿಕೊಂಡದ್ದಕ್ಕೂ ನಡುವಿನ ಈ ಅಂತರ ಮಾತನಾಡುವವರಿಗೆ ದೊಡ್ಡ ಅನುಕೂಲ.

ಇನ್ನೊಂದು ತುದಿಯಲ್ಲಿ ‘ಎಳ್ಳಷ್ಟೂ ಸಂಶಯವಿಲ್ಲ’, ‘ನೂರಕ್ಕೆ ನೂರು ಖಚಿತ’, ‘ಆ ಪ್ರಶ್ನೆಯೇ ಉದ್ಭವಿಸುವುದಿಲ್ಲ’ ಎಂಬ ಮಾತುಗಳಿವೆ. ಮೇಲ್ನೋಟಕ್ಕೆ ಇವು ಧೈರ್ಯದ ಮಾತುಗಳು, ಮೊದಲಿನವು ಜಾರಿಕೊಳ್ಳುವ ಮಾತುಗಳು. ಆದರೆ ಎರಡೂ ಮಾಡುವ ಕೆಲಸ ಒಂದೇ. ಒಂದು ತೀರ್ಮಾನಕ್ಕೆ ಆಧಾರವೇನು, ಆ ಆಧಾರ ಎಷ್ಟು ಗಟ್ಟಿ ಎಂಬ ಪ್ರಶ್ನೆಗಳು ಏಳದಂತೆ ಎರಡೂ ನೋಡಿಕೊಳ್ಳುತ್ತವೆ. ತಾವು ಉತ್ತರ ಕೊಡಬೇಕಾದ ಸಂಗತಿಗಳಿಗೆ ‘ಬಹುದು’ ಎಂಬ ಪ್ರತ್ಯಯ, ಜನ ಒಪ್ಪಲೇಬೇಕೆಂದು ಬಯಸುವ ಸಂಗತಿಗಳಿಗೆ ‘ಖಚಿತ’ ಎಂಬ ಪದ: ಅಧಿಕಾರದಲ್ಲಿರುವವರ ಭಾಷಣಗಳಲ್ಲಿ ಈ ಹಂಚಿಕೆ ಆಕಸ್ಮಿಕವಾಗಿ ನಡೆಯುವುದು ಅಪರೂಪ ಎಂದು ನಾನು ಭಾವಿಸುತ್ತೇನೆ, ಮತ್ತು ಈ ಲೇಖನದ ಉದ್ದೇಶ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ತೋರಿಸುವುದು.

ಮೊದಲು ಪದಗಳನ್ನೇ ನೋಡೋಣ. ‘ಬಂದೀತು’, ‘ಬರಬಹುದು’, ‘ಬರುವ ಸಂಭವ ಹೆಚ್ಚು’, ‘ಬಂದೇ ಬರುತ್ತದೆ’ ಎಂಬ ಸಾಲನ್ನು ಯಾರ ಮುಂದಿಟ್ಟರೂ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಕ್ರಮದಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಬರುವುದಿಲ್ಲ. ಭಿನ್ನಾಭಿಪ್ರಾಯ ಬರುವುದು ಪ್ರತಿಯೊಂದೂ ಎಷ್ಟು ಎಂದು ಕೇಳಿದಾಗ. ‘ಬರಬಹುದು’ ಎಂದರೆ ಒಬ್ಬರಿಗೆ ಶೇ 30, ಇನ್ನೊಬ್ಬರಿಗೆ ಶೇ 60. ಇದು ಯಾವುದೇ ಒಂದು ಭಾಷೆಯ ಕೊರತೆಯಲ್ಲ; ಸಂಭವವನ್ನು ಪದಗಳಲ್ಲಿ ಹೇಳುವ ಎಲ್ಲ ಭಾಷೆಗಳಲ್ಲೂ ಇದೇ ಸ್ಥಿತಿ. ದಿನನಿತ್ಯದ ಮಾತುಕತೆಯಲ್ಲಿ ಇದರಿಂದ ದೊಡ್ಡ ನಷ್ಟವೇನಿಲ್ಲ. ಯುದ್ಧ, ರೋಗ, ತೆರಿಗೆಯಂಥ ವಿಷಯಗಳಿಗೆ ಬಂದಾಗ ಮಾತ್ರ ಈ ಅಂತರಕ್ಕೆ ಬೆಲೆ ತೆರಬೇಕಾಗುತ್ತದೆ.

ಈ ಬೆಲೆಯನ್ನು ಮೊದಲು ಗಂಭೀರವಾಗಿ ಲೆಕ್ಕ ಹಾಕಿದವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಅಂದಾಜು ವರದಿಗಳ ಹೊಣೆ ಹೊತ್ತಿದ್ದ ಷರ್ಮನ್ ಕೆಂಟ್. 1951ರಲ್ಲಿ ಅವರ ತಂಡ ಯುಗೊಸ್ಲಾವಿಯಾದ ಬಗ್ಗೆ ಒಂದು ವರದಿ ಸಿದ್ಧಪಡಿಸಿತು. ಸೋವಿಯತ್ ಬಣದ ದೇಶಗಳ ಸೇನಾ ಸಿದ್ಧತೆಯನ್ನು ಗಮನಿಸಿದರೆ ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವುದನ್ನು ‘ಗಂಭೀರ ಸಾಧ್ಯತೆ’ ಎಂದು ಪರಿಗಣಿಸಬೇಕು ಎಂಬುದು ಅದರ ಸಾರ. ಕೆಲವು ದಿನಗಳ ಬಳಿಕ ವಿದೇಶಾಂಗ ಇಲಾಖೆಯ ನೀತಿ ನಿರೂಪಣಾ ತಂಡದ ಮುಖ್ಯಸ್ಥರು ಮಾತಿನ ನಡುವೆ, ಗಂಭೀರ ಸಾಧ್ಯತೆ ಎಂದರೆ ನಿಮ್ಮ ಲೆಕ್ಕದಲ್ಲಿ ಎಷ್ಟು ಎಂದು ಕೇಳಿದರು. ದಾಳಿ ನಡೆಯುವ ಕಡೆಗೆ 65, ನಡೆಯದಿರುವ ಕಡೆಗೆ 35 ಎಂದು ಕೆಂಟ್ ಉತ್ತರಿಸಿದರು. ಆ ಅಧಿಕಾರಿಗೆ ಆಘಾತವಾಯಿತು. ಅವರೂ ಅವರ ಸಹೋದ್ಯೋಗಿಗಳೂ ಅದನ್ನು ಅದಕ್ಕಿಂತ ಬಹಳ ಕಡಿಮೆ ಎಂದು ಓದಿಕೊಂಡಿದ್ದರು. ಕೆಂಟ್ ತಮ್ಮ ಕಚೇರಿಗೆ ಮರಳಿ, ಅದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟಿದ್ದ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಒಬ್ಬರ ಮನಸ್ಸಿನಲ್ಲಿ ಶೇ 80 ಇತ್ತು, ಮತ್ತೊಬ್ಬರ ಮನಸ್ಸಿನಲ್ಲಿ ಶೇ 20. ಉಳಿದವರು ಈ ಎರಡರ ನಡುವೆ ಹರಡಿಕೊಂಡಿದ್ದರು.

ಈ ಘಟನೆಯಲ್ಲಿ ನನಗೆ ಮುಖ್ಯವೆನಿಸುವುದು ಓದುಗರ ಗೊಂದಲಕ್ಕಿಂತ ಬರೆದವರ ಸಮಾಧಾನ. ದಾಳಿ ನಡೆಯಬಹುದು ಎನ್ನುವವರೂ ನಡೆಯಲಾರದು ಎನ್ನುವವರೂ ಒಂದೇ ಮೇಜಿನ ಸುತ್ತ ಕುಳಿತು ಒಂದೇ ವಾಕ್ಯಕ್ಕೆ ತಲೆಯಾಡಿಸಿದ್ದರು. ಅವರ ನಡುವೆ ಒಮ್ಮತವಿರಲಿಲ್ಲ. ಒಮ್ಮತವಿಲ್ಲದಿರುವುದನ್ನು ಮರೆಸುವ ಒಂದು ಪದವಿತ್ತು. ಮೈತ್ರಿಕೂಟಗಳ ಜಂಟಿ ಹೇಳಿಕೆಗಳೂ ಅಂತರರಾಷ್ಟ್ರೀಯ ಸಮಾವೇಶಗಳ ನಿರ್ಣಯಗಳೂ ಇದೇ ರೀತಿಯಲ್ಲಿ ಹುಟ್ಟುತ್ತವೆ. ಎರಡು ವಿರುದ್ಧ ಅರ್ಥಗಳಿಗೆ ಎಡೆ ಕೊಡುವ ಪದ ಸಿಕ್ಕಿತೆಂದರೆ ಸಭೆ ಮುಗಿಯುತ್ತದೆ, ಜಗಳ ಮುಂದಕ್ಕೆ ಹೋಗುತ್ತದೆ. ಎಲ್ಲ ಅಸ್ಪಷ್ಟತೆಯೂ ವಂಚನೆಯಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು: ಮಾತುಕತೆ ಮುರಿದುಬೀಳದಂತೆ ಉಳಿಸುವುದು ಕೆಲವೊಮ್ಮೆ ಸ್ಪಷ್ಟತೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಕೆಂಟ್ ಇದಕ್ಕೊಂದು ಪರಿಹಾರ ಸೂಚಿಸಿದರು. ‘ಬಹುತೇಕ ಖಚಿತ’ ಎಂದರೆ ಸುಮಾರು ಶೇ 93, ‘ಸಂಭವನೀಯ’ ಎಂದರೆ ಸುಮಾರು ಶೇ 75, ‘ಬಹುಶಃ ಇಲ್ಲ’ ಎಂದರೆ ಸುಮಾರು ಶೇ 30 ಎಂದು ಪದಗಳಿಗೆ ಅಂಕಿಗಳನ್ನು ಗೊತ್ತುಮಾಡಿ, ಪ್ರತಿಯೊಂದಕ್ಕೂ ಒಂದಿಷ್ಟು ಹೆಚ್ಚುಕಡಿಮೆಗೆ ಅವಕಾಶವಿಟ್ಟು, 1964ರಲ್ಲಿ ಒಂದು ಪ್ರಬಂಧ ಬರೆದರು. ಸಂಸ್ಥೆಯೊಳಗೆ ಇದಕ್ಕೆ ಬಲವಾದ ವಿರೋಧ ಬಂತು. ಅಂಕಿ ಕೊಟ್ಟರೆ ಇಲ್ಲದ ನಿಖರತೆಯನ್ನು ಹೇರಿದಂತಾಗುತ್ತದೆ ಎಂಬುದು ವಿರೋಧಿಗಳ ವಾದ. ಕೆಂಟ್ ಅವರನ್ನು ‘ಕವಿಗಳು’ ಎಂದು ಕರೆದರು. ಪಟ್ಟಿ ಆಗ ಬಳಕೆಗೆ ಬರಲಿಲ್ಲ.

ಆ ನಡುವೆ, 1961ರಲ್ಲಿ, ಇದೇ ಗೊಂದಲ ರಕ್ತಪಾತದಲ್ಲಿ ಕೊನೆಗೊಂಡಿತ್ತು. ಕ್ಯೂಬಾದಿಂದ ಓಡಿಬಂದವರಿಗೆ ತರಬೇತಿ ಕೊಟ್ಟು, ಫಿಡೆಲ್ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲು ಅವರನ್ನು ಸಮುದ್ರದ ಮೂಲಕ ಇಳಿಸುವ ಸಿಐಎ ಯೋಜನೆಯನ್ನು ಪರಿಶೀಲಿಸಿದ ಅಮೆರಿಕದ ಸೇನಾ ಮುಖ್ಯಸ್ಥರು, ಅದು ಯಶಸ್ವಿಯಾಗಲು ‘ತಕ್ಕಮಟ್ಟಿನ ಅವಕಾಶ’ವಿದೆ ಎಂದು ಅಧ್ಯಕ್ಷ ಜಾನ್ ಕೆನಡಿ ಅವರಿಗೆ ತಿಳಿಸಿದರು. ಆ ಪದ ಬಳಸಿದ ಬ್ರಿಗೇಡಿಯರ್ ಜನರಲ್ ಡೇವಿಡ್ ಗ್ರೇ ನಂತರ ಹೇಳಿದಂತೆ, ಅವರ ಮನಸ್ಸಿನಲ್ಲಿದ್ದುದು ಗೆಲುವಿಗೆ 30, ಸೋಲಿಗೆ 70. ಅದನ್ನು ಅಂಕಿಯಲ್ಲಿ ಬರೆದಿದ್ದರೆ ಅಧ್ಯಕ್ಷರು ಮೊದಲು ನೋಡುತ್ತಿದ್ದುದು 70ನ್ನು. ಪದದಲ್ಲಿ ಬರೆದದ್ದರಿಂದ ಅದು ಮೆಲುದನಿಯ ಸಮ್ಮತಿಯಂತೆ ಕೇಳಿಸಿತು. ಏಪ್ರಿಲ್ 17ರಂದು ಬೇ ಆಫ್ ಪಿಗ್ಸ್ ದಂಡೆಗೆ ಇಳಿದ ಸುಮಾರು 1,400 ಮಂದಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು 1,200 ಮಂದಿ ಸೆರೆಯಾದರು.

ಒಂದೇ ಪ್ರಮಾಣದ ಸಂಭವವನ್ನು ಹೇಳುವ ಎರಡು ಮಾತುಗಳು ಕೇಳುವವರನ್ನು ವಿರುದ್ಧ ದಿಕ್ಕಿಗೆ ತಿರುಗಿಸಬಲ್ಲವು ಎಂಬುದನ್ನು ನಾರ್ವೆಯ ಮನೋವಿಜ್ಞಾನಿಗಳಾದ ಕಾರ್ಲ್ ಹಾಲ್ವೊರ್ ಟೈಗನ್ ಮತ್ತು ವಿಬೆಕೆ ಬ್ರುನ್ 1990ರ ದಶಕದಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಒಂದು ಚಿಕಿತ್ಸೆಯಿಂದ ಗುಣವಾಗುವ ‘ಸ್ವಲ್ಪ ಸಾಧ್ಯತೆ ಇದೆ’ ಎಂದಾಗಲೂ, ಗುಣವಾಗುವುದು ‘ಸಾಕಷ್ಟು ಅನಿಶ್ಚಿತ’ ಎಂದಾಗಲೂ ಜನ ಊಹಿಸಿದ ಶೇಕಡಾವಾರು ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಮೊದಲ ಮಾತು ಕೇಳಿದವರಲ್ಲಿ ಹೆಚ್ಚಿನವರು ಚಿಕಿತ್ಸೆ ಮಾಡಿಸಿಕೊಳ್ಳಬಹುದು ಎಂದರು, ಎರಡನೆಯದನ್ನು ಕೇಳಿದವರಲ್ಲಿ ಹೆಚ್ಚಿನವರು ಬೇಡವೆಂದರು. ಅಂದರೆ ಇಂಥ ಪದಗಳು ಪ್ರಮಾಣದ ಜೊತೆಗೆ ಸಲಹೆಯನ್ನೂ ಹೊತ್ತಿರುತ್ತವೆ. ಒಂದು ಯೋಜನೆ ಬೇಕೆನ್ನುವ ನಾಯಕ ‘ಯಶಸ್ಸಿನ ಅವಕಾಶವಿದೆ’ ಎನ್ನುತ್ತಾನೆ, ಬೇಡವೆನ್ನುವ ನಾಯಕ ‘ಯಶಸ್ಸಿನ ಭರವಸೆಯಿಲ್ಲ’ ಎನ್ನುತ್ತಾನೆ. ಇಬ್ಬರ ಮುಂದಿರುವ ಕಡತ ಒಂದೇ ಆಗಿರಬಹುದು, ಇಬ್ಬರೂ ಸುಳ್ಳು ಹೇಳುತ್ತಿಲ್ಲದಿರಬಹುದು.

ಇನ್ನು ಖಚಿತತೆಯ ಕಡೆಗೆ ಬರೋಣ. ಇಲ್ಲಿ ಅಪಾಯ ಹೆಚ್ಚು, ಏಕೆಂದರೆ ತಜ್ಞರ ಅನುಮಾನ ರಾಜಕಾರಣಿಯ ಬಾಯಿಗೆ ಬರುವಷ್ಟರಲ್ಲಿ ಹೇಗೆ ಕರಗಿಹೋಗುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಬ್ರಿಟನ್ನಿನ ಹುಚ್ಚು ಹಸು ರೋಗದ ಪ್ರಕರಣದಲ್ಲಿ ಮಾತ್ರ ಅದು ಹಂತಹಂತವಾಗಿ ದಾಖಲಾಗಿದೆ. 1986ರಲ್ಲಿ ಗುರುತಿಸಲಾದ ಈ ರೋಗ ಮನುಷ್ಯರಿಗೂ ಹರಡೀತೇ ಎಂದು ಪರಿಶೀಲಿಸಿದ ಸೌತ್‌ವುಡ್ ಸಮಿತಿ 1989ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಮನುಷ್ಯರ ಆರೋಗ್ಯದ ಮೇಲೆ ಪರಿಣಾಮವಾಗುವ ಸಂಭವ ತೀರಾ ಕಡಿಮೆ ಎಂದು ಅದು ಹೇಳಿತು. ಅದರ ಜೊತೆಗೇ, ನಮ್ಮ ಅಂದಾಜು ತಪ್ಪಾಗಿದ್ದರೆ ಪರಿಣಾಮಗಳು ಅತ್ಯಂತ ಗಂಭೀರವಾಗಿರುತ್ತವೆ ಎಂದೂ ಎಚ್ಚರಿಸಿತು. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿದರೆ ಸಿಗುವುದು ಒಂದು ಅರ್ಥ: ಅಪಾಯ ಸಣ್ಣದು, ಆದರೆ ಕಾವಲು ಸಡಿಲಿಸಬೇಡಿ. ಎರಡನೆಯದನ್ನು ಬಿಟ್ಟು ಓದಿದರೆ ಸಿಗುವುದು ಬೇರೆಯೇ ಅರ್ಥ. ಸರ್ಕಾರದ ಮಾತುಗಳಲ್ಲಿ ಮತ್ತೆ ಮತ್ತೆ ಕೇಳಿಬಂದದ್ದು ಮೊದಲನೆಯದು ಮಾತ್ರ, ಅದೂ ‘ದನದ ಮಾಂಸ ಸಂಪೂರ್ಣ ಸುರಕ್ಷಿತ’ ಎಂಬ ರೂಪದಲ್ಲಿ. 1990ರ ಮೇ ತಿಂಗಳಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಟಿವಿ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳ ಬಾಯಿಗೆ ಬರ್ಗರ್ ಹಿಡಿದರು.

1996ರ ಮಾರ್ಚ್ 20ರಂದು ಆರೋಗ್ಯ ಸಚಿವ ಸ್ಟೀಫನ್ ಡೊರೆಲ್ ಸಂಸತ್ತಿನಲ್ಲಿ ಎದ್ದು ನಿಂತು, ಮಿದುಳನ್ನು ನಾಶಮಾಡುವ ಒಂದು ಹೊಸ ಕಾಯಿಲೆ ಯುವಜನರಲ್ಲಿ ಕಾಣಿಸಿಕೊಂಡಿದೆ, ಅದಕ್ಕೆ ಹುಚ್ಚು ಹಸು ರೋಗದ ಸಂಪರ್ಕವೇ ಅತ್ಯಂತ ಸಂಭವನೀಯ ಕಾರಣವೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ ಎಂದು ಪ್ರಕಟಿಸಬೇಕಾಯಿತು. ಆ ಕಾಯಿಲೆಯಿಂದ ಬ್ರಿಟನ್ನಿನಲ್ಲಿ ಮುಂದೆ 170ಕ್ಕೂ ಹೆಚ್ಚು ಮಂದಿ ಸತ್ತರು. 2000ದ ಅಕ್ಟೋಬರ್‌ನಲ್ಲಿ ಬಂದ ಫಿಲಿಪ್ಸ್ ವಿಚಾರಣಾ ವರದಿ ಸರ್ಕಾರ ಬೇಕೆಂದೇ ಸುಳ್ಳು ಹೇಳಿತೆಂದು ತೀರ್ಮಾನಿಸಲಿಲ್ಲ. ಅಪಾಯ ದೂರದ್ದು ಎಂದು ಅದು ಪ್ರಾಮಾಣಿಕವಾಗಿಯೇ ನಂಬಿತ್ತು. ಜನ ಅತಿಯಾಗಿ ಗಾಬರಿಯಾದಾರು ಎಂಬ ಚಿಂತೆಯಲ್ಲಿ ಧೈರ್ಯ ತುಂಬುವ ಪ್ರಚಾರಕ್ಕೆ ಇಳಿದದ್ದು ತಪ್ಪಾಯಿತು, ಸತ್ಯ ಹೊರಬಿದ್ದಾಗ ಜನರಿಗೆ ತಾವು ಮೋಸಹೋದೆವು ಅನ್ನಿಸಿತು ಎಂದು ಅದು ಹೇಳಿತು. ಈ ತೀರ್ಮಾನವನ್ನು ನಾನು ಬಹಳ ಮಹತ್ವದ್ದೆಂದು ಭಾವಿಸುತ್ತೇನೆ. ‘ಸಂಭವ ತೀರಾ ಕಡಿಮೆ’ ಎಂಬುದು ‘ಸುರಕ್ಷಿತ’ ಆಗಿ ಬದಲಾಗಲು ದುರುದ್ದೇಶ ಬೇಕಾಗಿಲ್ಲ. ಜನರಿಗೆ ಅನುಮಾನವನ್ನು ಅನುಮಾನವಾಗಿಯೇ ಅರಗಿಸಿಕೊಳ್ಳುವ ಶಕ್ತಿಯಿಲ್ಲ ಎಂಬ ಅವಿಶ್ವಾಸ ಸಾಕು.

ಇರಾಕ್ ಯುದ್ಧದ ಸಂದರ್ಭದಲ್ಲಿ ಇದೇ ಪ್ರಕ್ರಿಯೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. 2002ರ ಆಗಸ್ಟ್ 26ರಂದು ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ, ಸದ್ದಾಂ ಹುಸೇನ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬುದರಲ್ಲಿ ಸಂಶಯವೇ ಇಲ್ಲ ಎಂದರು. ಆ ಅಕ್ಟೋಬರ್‌ನಲ್ಲಿ ಗುಪ್ತಚರ ಸಂಸ್ಥೆಗಳ ರಹಸ್ಯ ವರದಿಯ ಜೊತೆಗೆ ಸಾರ್ವಜನಿಕರಿಗಾಗಿ ಇನ್ನೊಂದು ಆವೃತ್ತಿ ಹೊರಬಂತು. ಎರಡನ್ನೂ ಹೋಲಿಸಿ ನೋಡಿದ ಸೆನೆಟ್ ಗುಪ್ತಚರ ಸಮಿತಿ 2004ರಲ್ಲಿ ಕಂಡುಕೊಂಡಂತೆ, ರಹಸ್ಯ ವರದಿಯಲ್ಲಿ ‘ನಮ್ಮ ಅಂದಾಜಿನಲ್ಲಿ’ ಎಂದು ಶುರುವಾಗುತ್ತಿದ್ದ ವಾಕ್ಯಗಳು ಸಾರ್ವಜನಿಕ ಆವೃತ್ತಿಗೆ ಬಂದಾಗ ಆ ಪೂರ್ವಪದಗಳನ್ನು ಕಳೆದುಕೊಂಡು ಬರೀ ಸಂಗತಿಗಳಾಗಿ ನಿಂತಿದ್ದವು. ‘ನಮ್ಮ ಅಂದಾಜಿನಲ್ಲಿ ಅವರ ಬಳಿ ಅಸ್ತ್ರಗಳಿವೆ’ ಮತ್ತು ‘ಅವರ ಬಳಿ ಅಸ್ತ್ರಗಳಿವೆ’ ಎಂಬ ಎರಡರ ನಡುವೆ ಇರುವುದು ಎರಡೇ ಪದಗಳ ವ್ಯತ್ಯಾಸ. ಮೊದಲನೆಯದು ಊಹೆ ಮಾಡಿದವರನ್ನು ನೆನಪಿಸುತ್ತದೆ, ಎರಡನೆಯದು ಅವರನ್ನು ಅಳಿಸಿಹಾಕುತ್ತದೆ.

ಲಂಡನ್ನಿನಲ್ಲೂ ಹೀಗೆಯೇ ಆಯಿತು. ಇರಾಕಿನ ಬಗ್ಗೆ ತಮಗೆ ಸಿಗುತ್ತಿರುವ ಮಾಹಿತಿ ಬಿಡಿಬಿಡಿಯಾದದ್ದು, ಅಲ್ಲಲ್ಲಿ ತುಂಡಾದದ್ದು ಎಂದು ಜಂಟಿ ಗುಪ್ತಚರ ಸಮಿತಿ 2002ರ ಮಾರ್ಚ್‌ನಲ್ಲಿಯೇ ಬರೆದಿತ್ತು. ಸೆಪ್ಟೆಂಬರ್ 24ರಂದು ಪ್ರಧಾನಿ ಟೋನಿ ಬ್ಲೇರ್ ಸಂಸತ್ತಿಗೆ ಹೇಳಿದ್ದು, ಗುಪ್ತಚರ ಚಿತ್ರಣ ವ್ಯಾಪಕ, ವಿವರವಾದದ್ದು ಮತ್ತು ಅಧಿಕೃತ ಎಂದು. ಇರಾಕಿನ ಅಸ್ತ್ರಗಳ ಬಗ್ಗೆ ಸರ್ಕಾರ ಅಂದು ಬಿಡುಗಡೆ ಮಾಡಿದ ದಾಖಲೆಗೆ ಬರೆದ ಮುನ್ನುಡಿಯಲ್ಲಿ ಅವರು ಸಂಶಯಾತೀತ ಎಂಬ ಅರ್ಥದ ಪದವನ್ನೇ ಬಳಸಿದರು. 2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಈ ಗುಪ್ತಚರ ಮಾಹಿತಿಯನ್ನು ಪರಿಶೀಲಿಸಿ 2004ರ ಜುಲೈನಲ್ಲಿ ಬಂದ ಬಟ್ಲರ್ ವರದಿ, ಆ ದಾಖಲೆಯ ಭಾಷೆ ಇದ್ದುದಕ್ಕಿಂತ ಹೆಚ್ಚು ಪೂರ್ಣವಾದ, ಹೆಚ್ಚು ದೃಢವಾದ ಮಾಹಿತಿಯಿದೆ ಎಂಬ ಭಾವನೆ ಮೂಡಿಸಿರಬಹುದು ಎಂದಿತು. ಕೆಂಟ್ ಕಂಡ ತೊಂದರೆಯೇ ಇಲ್ಲಿ ತಲೆಕೆಳಗಾಗಿ ನಿಂತಿತ್ತು: ಅಲ್ಲಿ ಅನುಮಾನದ ಪದ ಭಿನ್ನಾಭಿಪ್ರಾಯವನ್ನು ಮುಚ್ಚಿತ್ತು, ಇಲ್ಲಿ ಖಚಿತತೆಯ ಪದ ಅನುಮಾನವನ್ನು ಮುಚ್ಚಿತು.

ಹಾಗಾದರೆ ನಾಯಕರಿಗೆ ಸಂಭವಗಳ ಲೆಕ್ಕವೇ ತಿಳಿಯುವುದಿಲ್ಲವೇ? ಚೆನ್ನಾಗಿ ತಿಳಿಯುತ್ತದೆ. 2011ರಲ್ಲಿ ಪಾಕಿಸ್ತಾನದ ಅಬೋಟಾಬಾದ್‌ನ ಮನೆಯೊಂದರಲ್ಲಿ ಒಸಾಮಾ ಬಿನ್ ಲಾಡೆನ್ ಇದ್ದಾನೆಯೇ ಎಂದು ಅಧ್ಯಕ್ಷ ಬರಾಕ್ ಒಬಾಮ ತಮ್ಮ ಸಲಹೆಗಾರರನ್ನು ಕೇಳಿದಾಗ ಬಂದ ಉತ್ತರಗಳು ಶೇ 40ರಿಂದ ಶೇ 95ರವರೆಗೆ ಇದ್ದವು. ಅವರು ಅದನ್ನು ಸರಿಸುಮಾರು ಐವತ್ತು ಐವತ್ತು ಎಂದು ತೆಗೆದುಕೊಂಡು, ಆ ಅನುಮಾನವನ್ನು ಒಪ್ಪಿಕೊಂಡೇ ಕಾರ್ಯಾಚರಣೆಗೆ ಅನುಮತಿ ಕೊಟ್ಟರು. ಮುಚ್ಚಿದ ಬಾಗಿಲ ಹಿಂದೆ ಅನುಮಾನದ ಜೊತೆ ಇಷ್ಟು ನೇರವಾಗಿ ವ್ಯವಹರಿಸಿದ ಅದೇ ಒಬಾಮ, ತಮ್ಮ ಆರೋಗ್ಯ ವಿಮಾ ಸುಧಾರಣೆಯ ಪರವಾಗಿ ಜನರ ಮುಂದೆ ಮಾತನಾಡುವಾಗ, ನಿಮ್ಮ ಈಗಿನ ವಿಮೆ ನಿಮಗೆ ಇಷ್ಟವಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು ಎಂದು ಷರತ್ತಿಲ್ಲದೆ ಭರವಸೆ ಕೊಟ್ಟಿದ್ದರು. 2013ರಲ್ಲಿ ಲಕ್ಷಾಂತರ ಮಂದಿಗೆ ವಿಮೆ ರದ್ದಾದ ಪತ್ರಗಳು ಬಂದವು, ನವೆಂಬರ್‌ನಲ್ಲಿ ಅವರು ವಿಷಾದ ವ್ಯಕ್ತಪಡಿಸಬೇಕಾಯಿತು. ‘ಬಹುತೇಕರಿಗೆ’ ಎಂಬ ಒಂದು ಪದ ಸೇರಿಸಿದ್ದರೆ ಮಾತು ಸರಿಯಾಗುತ್ತಿತ್ತು, ಆದರೆ ಕೇಳಿದ ಪ್ರತಿಯೊಬ್ಬರೂ ‘ನಾನು ಉಳಿದವರಲ್ಲಿ ಒಬ್ಬನೇ?’ ಎಂದು ಕೇಳುತ್ತಿದ್ದರು. ಮತದಾರರು ಅನುಮಾನ ಒಪ್ಪಿಕೊಂಡ ನಾಯಕನನ್ನು ದುರ್ಬಲನೆಂದು ನೋಡುವವರೆಗೆ ಈ ಒಂದು ಪದ ಬಿಟ್ಟುಹೋಗುತ್ತಲೇ ಇರುತ್ತದೆ. ಈ ವಿಷಯದಲ್ಲಿ ದೋಷವನ್ನೆಲ್ಲ ವೇದಿಕೆಯ ಮೇಲಿರುವವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಅಂಕಿ ಬಳಸಿದ ಮಾತ್ರಕ್ಕೆ ಮಾತು ಪ್ರಾಮಾಣಿಕವಾಗುತ್ತದೆ ಎಂದೂ ಹೇಳಲಾಗದು. 2019ರ ಜೂನ್‌ನಲ್ಲಿ ಬೋರಿಸ್ ಜಾನ್ಸನ್, ಒಪ್ಪಂದವಿಲ್ಲದೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ಸಂಭವ ಹತ್ತು ಲಕ್ಷಕ್ಕೆ ಒಂದು ಎಂದರು. ಅವರು ಪ್ರಧಾನಿಯಾದ ಮೇಲೆ, ಜುಲೈ ಕೊನೆಯಲ್ಲಿ, ಅದೇ ಪರಿಸ್ಥಿತಿಗೆ ಸಿದ್ಧರಾಗಲು ಅವರ ಸರ್ಕಾರ ಹೆಚ್ಚುವರಿಯಾಗಿ 210 ಕೋಟಿ ಪೌಂಡ್ ತೆಗೆದಿರಿಸಿತು. ಹತ್ತು ಲಕ್ಷಕ್ಕೊಂದು ಸಲ ಆಗುವುದಕ್ಕೆ ಯಾವ ಸರ್ಕಾರವೂ ಅಷ್ಟು ಹಣ ಇಡುವುದಿಲ್ಲ. ಅಲ್ಲಿ ಅಂಕಿ ಬಂದದ್ದು ಲೆಕ್ಕದಿಂದಲ್ಲ. ‘ಖಂಡಿತ ಆಗದು’ ಎಂಬುದಕ್ಕೆ ತೊಡಿಸಿದ ಅಲಂಕಾರವಾಗಿತ್ತು ಅದು. ಮಾತನ್ನು ಬಜೆಟ್ಟಿನ ಪಕ್ಕದಲ್ಲಿಟ್ಟು ನೋಡುವುದು ಇಂಥಲ್ಲಿ ಒಳ್ಳೆಯ ಪರೀಕ್ಷೆ.

ಪದಗಳಿಗೆ ಅಂಕಿಗಳನ್ನು ಗೊತ್ತುಮಾಡುವ ಕೆಂಟ್ ಅವರ ಆಲೋಚನೆ ಕೊನೆಗೂ ಬೇರೆಬೇರೆ ಕಡೆ ನೆಲೆ ಕಂಡಿದೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ ಐಪಿಸಿಸಿಯ ವರದಿಗಳಲ್ಲಿ ‘ಸಂಭವನೀಯ’ ಎಂದರೆ ಶೇ 66ಕ್ಕಿಂತ ಹೆಚ್ಚು, ‘ಬಹಳ ಸಂಭವನೀಯ’ ಎಂದರೆ ಶೇ 90ಕ್ಕಿಂತ ಹೆಚ್ಚು. ಭೂಮಿ ಬಿಸಿಯಾಗಲು ಮನುಷ್ಯರೇ ಮುಖ್ಯ ಕಾರಣ ಎಂಬುದನ್ನು ಆ ಸಮಿತಿ 2001ರಲ್ಲಿ ಮೊದಲನೆಯ ಪದದಿಂದ, 2007ರಲ್ಲಿ ಎರಡನೆಯದರಿಂದ, 2013ರಲ್ಲಿ ಶೇ 95ನ್ನು ದಾಟಿದ ಪದದಿಂದ ಹೇಳಿತು. 2021ರ ಹೊತ್ತಿಗೆ ಮನುಷ್ಯರ ಪ್ರಭಾವ ನಿಸ್ಸಂದಿಗ್ಧ ಎಂದಿತು. ಇಲ್ಲೊಂದು ಎಡವಟ್ಟು ಇದೆ. ಮನೋವಿಜ್ಞಾನಿ ಡೇವಿಡ್ ಬುಡೆಸ್ಕು ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನಗಳಲ್ಲಿ, ಪದಗಳ ಅರ್ಥಪಟ್ಟಿ ಕೈಯಲ್ಲಿದ್ದಾಗಲೂ ಓದುಗರು ಈ ಪದಗಳನ್ನು ಐವತ್ತರ ಕಡೆಗೆ ಎಳೆದು ಓದುತ್ತಿದ್ದುದು ಕಂಡುಬಂತು. ಪದದ ಪಕ್ಕದಲ್ಲೇ, ಅದೇ ವಾಕ್ಯದೊಳಗೆ ಅಂಕಿಯನ್ನೂ ಬರೆದಾಗ ಮಾತ್ರ ಅರ್ಥ ಹೆಚ್ಚು ಸರಿಯಾಗಿ ತಲುಪಿತು. ‘ವಿಜ್ಞಾನಿಗಳಿಗೇ ಪೂರ್ತಿ ಖಚಿತವಿಲ್ಲ’ ಎಂದು ಹೇಳಿ ಕ್ರಮ ಮುಂದೂಡುವ ರಾಜಕಾರಣಿಗೆ ಈ ಅಂತರವೇ ಬಂಡವಾಳ. ಆ ವಾಕ್ಯ ಶೇ 95ರ ಬಗ್ಗೆಯೂ ನಿಜ, ಶೇ 5ರ ಬಗ್ಗೆಯೂ ನಿಜ. ಹಾಗಾಗಿ ಅದು ಎರಡರ ಬಗ್ಗೆಯೂ ಏನನ್ನೂ ತಿಳಿಸುವುದಿಲ್ಲ. ‘ತಳ್ಳಿಹಾಕುವಂತಿಲ್ಲ’ ಎಂಬ ಮಾತಿಗೂ ಇದೇ ಗುಣವಿದೆ, ಏಕೆಂದರೆ ಪೂರ್ತಿಯಾಗಿ ತಳ್ಳಿಹಾಕಬಹುದಾದದ್ದು ಜಗತ್ತಿನಲ್ಲಿ ಬಹಳ ಕಡಿಮೆ.

ಭರವಸೆಗಳ ಅಸ್ಪಷ್ಟತೆಯೂ ಇದಕ್ಕೆ ಹತ್ತಿರದ್ದೇ. ‘ಪರಿಶೀಲನೆಯಲ್ಲಿದೆ’, ‘ಗಮನ ಹರಿಸುತ್ತೇನೆ’, ‘ಮಾಹಿತಿ ತರಿಸಿಕೊಳ್ಳಲಾಗುತ್ತಿದೆ’ ಎಂಬ ಸಚಿವರ ಉತ್ತರಗಳು ಆದೀತೆಂದೂ ಹೇಳುವುದಿಲ್ಲ, ಆಗದೆಂದೂ ಹೇಳುವುದಿಲ್ಲ. ಭಾರತದ ಲೋಕಸಭೆಯಲ್ಲಿ 1953ರಿಂದ ಇರುವ ಸರ್ಕಾರಿ ಭರವಸೆಗಳ ಸಮಿತಿ ಇದಕ್ಕೊಂದು ನೇರವಾದ ದಾರಿ ಹಿಡಿದಿದೆ. ಇಂಥ ಮಾತುಗಳ ಒಂದು ಮಾದರಿ ಪಟ್ಟಿಯನ್ನೇ ಇಟ್ಟುಕೊಂಡು, ಸದನದಲ್ಲಿ ಸಚಿವರು ಅವುಗಳಲ್ಲಿ ಒಂದನ್ನು ಆಡಿದರೆ ಅದನ್ನು ಭರವಸೆಯೆಂದು ದಾಖಲಿಸಿಕೊಳ್ಳಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕೆಂಬ ನಿಯಮಕ್ಕೆ ಒಳಪಡಿಸಲಾಗುತ್ತದೆ. ಗಡುವು ಮೀರಿದ ಭರವಸೆಗಳು ಅನೇಕ, ನಿಜ. ಆದರೂ ಮಾತನ್ನು ಗಾಳಿಗೆ ಬಿಡದೆ ದಿನಾಂಕಕ್ಕೆ ಕಟ್ಟಿಹಾಕುವ ಕ್ರಮ ಸರಿಯಾದದ್ದು.

ಸಂಭವದ ಮಾತಿಗೂ ಬೇಕಾದದ್ದು ಅದೇ: ಏನು ಆಗುತ್ತದೆ, ಯಾವಾಗಿನೊಳಗೆ, ಎಷ್ಟರ ಮಟ್ಟಿಗೆ ನಂಬುತ್ತೀರಿ. ‘ಬೆಲೆ ಏರಿಕೆಯ ದರ ಡಿಸೆಂಬರ್ ಕೊನೆಯೊಳಗೆ ಶೇ 4ಕ್ಕಿಂತ ಕೆಳಗಿಳಿಯುವ ಸಂಭವ ಶೇ 70’ ಎಂದಾಗ ಆ ವಾಕ್ಯವನ್ನು ಜನವರಿಯಲ್ಲಿ ಪರೀಕ್ಷಿಸಬಹುದು. ಆದರೆ ಒಂದೇ ಪರೀಕ್ಷೆಯಿಂದ ತೀರ್ಪು ಕೊಡಲಾಗದು. ಶೇ 70 ಎಂದವರಿಗೆ ಹತ್ತರಲ್ಲಿ ಮೂರು ಸಲ ಹಾಗೆ ಆಗದಿರುವುದೂ ಅವರ ಮಾತಿನೊಳಗೇ ಇದೆ. ಅಮೆರಿಕದ ಹವಾಮಾನ ಸೇವೆ 1960ರ ದಶಕದಿಂದಲೇ ಮಳೆಯ ಸಂಭವವನ್ನು ಶೇಕಡಾವಾರು ಹೇಳುತ್ತಿದೆ, ಮತ್ತು ಅಲ್ಲಿ ಪರೀಕ್ಷೆ ನಡೆಯುವುದು ನೂರಾರು ದಿನಗಳನ್ನು ಒಟ್ಟುಗೂಡಿಸಿ: ಶೇ 70 ಎಂದ ದಿನಗಳಲ್ಲೆಲ್ಲ ಸುಮಾರು ಶೇ 70ರಷ್ಟು ದಿನ ಮಳೆ ಬಂತೇ? ಇಂಥ ಅಂದಾಜುಗಳಿಗೆ ಅಂಕ ಕೊಡುವ ಸೂತ್ರವನ್ನು ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿಯೇ ರೂಪಿಸಿದ್ದರು. ಮನೋವಿಜ್ಞಾನಿ ಫಿಲಿಪ್ ಟೆಟ್‌ಲಾಕ್ ಅದೇ ಬಗೆಯ ಅಳತೆಯನ್ನು ರಾಜಕೀಯ ತಜ್ಞರ ಭವಿಷ್ಯವಾಣಿಗಳಿಗೆ ಹಚ್ಚಿ, 284 ತಜ್ಞರು ವರ್ಷಗಟ್ಟಲೆ ಕೊಟ್ಟ ಅಂದಾಜುಗಳನ್ನು ತಾಳೆ ನೋಡಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ದೊಡ್ಡ ಸಿದ್ಧಾಂತವನ್ನು ಹಿಡಿದು ಗಟ್ಟಿ ದನಿಯಲ್ಲಿ ಮಾತನಾಡುವವರಿಗಿಂತ, ಹಲವು ಕಡೆಯಿಂದ ನೋಡಿ ಅಳುಕಿನಿಂದಲೇ ಮಾತನಾಡುವವರ ಅಂದಾಜು ಹೆಚ್ಚು ಸರಿಯಿತ್ತು. ಟಿವಿ ಚರ್ಚೆಗಳಿಗೆ ಹೆಚ್ಚು ಕರೆ ಬರುತ್ತಿದ್ದುದು ಮೊದಲಿನವರಿಗೆ.

ಸಚಿವರ ಮಾತುಗಳಿಗೆ ಇಂಥ ಲೆಕ್ಕದ ಪುಸ್ತಕ ಇಡುವುದು ಅಸಾಧ್ಯವೇನಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ 1996ರಿಂದ ಹಣದುಬ್ಬರದ ಮುನ್ನಂದಾಜನ್ನು ಒಂದೇ ಗೆರೆಯಾಗಿ ಎಳೆಯದೆ, ಮುಂದೆ ಹೋದಂತೆ ಬೀಸಣಿಗೆಯಂತೆ ಅಗಲವಾಗುವ ಪಟ್ಟಿಯಾಗಿ ಪ್ರಕಟಿಸತೊಡಗಿತು. ಅನುಮಾನ ಎಷ್ಟು ದೊಡ್ಡದೋ ಪಟ್ಟಿ ಅಷ್ಟು ಅಗಲ. ಬ್ರಿಟನ್ನಿನ ಬಜೆಟ್ಟಿಗೆ ಆಧಾರವಾಗುವ ಆರ್ಥಿಕ ಮುನ್ನಂದಾಜುಗಳನ್ನು 2010ರವರೆಗೆ ಹಣಕಾಸು ಸಚಿವಾಲಯವೇ ಮಾಡುತ್ತಿತ್ತು. ಆ ವರ್ಷ ಅದನ್ನು ಸಚಿವರ ಕೈಯಿಂದ ತೆಗೆದು, ಬಜೆಟ್ ಹೊಣೆಗಾರಿಕೆ ಕಚೇರಿ ಎಂಬ ಸ್ವತಂತ್ರ ಸಂಸ್ಥೆಗೆ ಒಪ್ಪಿಸಲಾಯಿತು. ಹಿಂದೆ ತಾನು ಹೇಳಿದ್ದೇನು, ನಡೆದದ್ದೇನು, ಎಲ್ಲಿ ಎಷ್ಟು ತಪ್ಪಾಯಿತು, ಏಕೆ ತಪ್ಪಾಯಿತು ಎಂಬುದನ್ನು ಆ ಕಚೇರಿ ನಿಯತವಾಗಿ ವರದಿಯ ರೂಪದಲ್ಲಿ ತಾನೇ ಬರೆದು ಪ್ರಕಟಿಸುತ್ತದೆ.